ಇಲವಾಲದಿಂದ ಜಾರ್ಜಿಯಾಕ್ಕೆ: ಮನೆಗಾಗಿ ನೆಲ ಕೊಂಡವರ ಕಥೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ ಇಲವಾಲ ಎಂಬ ಊರಿದೆ. 1957ರ ಸೆಪ್ಟೆಂಬರ್ ತಿಂಗಳಲ್ಲಿ ಎರಡು ದಿನ ಇಡೀ ದೇಶದ ಕಣ್ಣು ಈ ಊರಿನ ಮೇಲಿತ್ತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರು, ಜಯಪ್ರಕಾಶ ನಾರಾಯಣ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡ್, ಹೀಗೆ ಬೇರೆ ಬೇರೆ ಪಕ್ಷದವರು ಒಂದೇ ಚಾವಣಿಯಡಿ ಕೂತರು. ಅವರನ್ನು ಕರೆಸಿಕೊಂಡಿದ್ದು ಯಾವ ಅಧಿಕಾರವೂ ಇಲ್ಲದ, ಕಾಲ್ನಡಿಗೆಯಲ್ಲಿ ನಾಡು ಸುತ್ತುತ್ತಿದ್ದ ಆಚಾರ್ಯ ವಿನೋಬಾ ಭಾವೆ. ಚರ್ಚೆಯ ವಿಷಯ ಗ್ರಾಮದಾನ. ನಮ್ಮ ಓದುಗರಲ್ಲಿ ಹಿರಿಯರಾದ ಕೆಲವರಿಗೆ ಆ ದಿನಗಳ ಪತ್ರಿಕೆಯ ಸುದ್ದಿ ಇನ್ನೂ ನೆನಪಿದ್ದೀತು.

ಗ್ರಾಮದಾನಕ್ಕೆ ಮೊದಲು ಭೂದಾನ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು ವಿನೋಬಾರ ಬಳಿ ಬಂದು, ಬದುಕಲು 80 ಎಕರೆ ನೆಲ ಬೇಕೆಂದರು. ಸರ್ಕಾರಕ್ಕೆ ಬರೆಯುವ ಮೊದಲು ವಿನೋಬಾರು ಊರಿನವರನ್ನೇ ಕೇಳಿದರು. ರಾಮಚಂದ್ರ ರೆಡ್ಡಿ ಎಂಬವರು ಎದ್ದು ನಿಂತು 100 ಎಕರೆ ಕೊಟ್ಟರು. ಅಲ್ಲಿಂದ ಮುಂದೆ ನಡಿಗೆ, ಬೇಡಿಕೆ, ದಾನಪತ್ರ. ಐದು ಕೋಟಿ ಎಕರೆ ಗುರಿ ಇಟ್ಟುಕೊಂಡಿದ್ದರು. ಕಾಗದದ ಮೇಲೆ ಬಂದದ್ದು ನಲವತ್ತು ಲಕ್ಷಕ್ಕೆ ಸ್ವಲ್ಪ ಮೇಲೆ. ಅದರಲ್ಲಿಯೂ ಬಂಡೆ, ಕುರುಚಲು, ವ್ಯಾಜ್ಯದ ಜಮೀನು ಬಹಳ. ನೆಲ ಸಿಕ್ಕ ಬಡವನೂ ಸಾಲ ಬಂದಾಗ ಅದನ್ನು ಅಡವಿಡುತ್ತಿದ್ದ, ಕೆಲವೇ ವರ್ಷಗಳಲ್ಲಿ ಮತ್ತೆ ಕೂಲಿಯಾಗುತ್ತಿದ್ದ. ಇದನ್ನು ಕಂಡೇ ವಿನೋಬಾರು ಭೂದಾನದಿಂದ ಗ್ರಾಮದಾನಕ್ಕೆ ಹೋದದ್ದು. ನೆಲದ ಒಡೆತನ ಗ್ರಾಮಸಭೆಯದು, ಉಳುವ ಹಕ್ಕು ಕುಟುಂಬದ್ದು. ಮಾರುವಂತಿಲ್ಲ, ಅಡವಿಡುವಂತಿಲ್ಲ, ಆದರೆ ಮಕ್ಕಳಿಗೆ ಬಿಟ್ಟುಹೋಗಬಹುದು. ಇಲವಾಲದಲ್ಲಿ ಸೇರಿದ ನಾಯಕರು ಇದನ್ನು ಮೆಚ್ಚಿ ಹೇಳಿಕೆ ಹೊರಡಿಸಿದರು.

ಮುಂದೇನಾಯಿತು ಎಂದು ನಮಗೆಲ್ಲ ಗೊತ್ತಿದೆ. ನಮ್ಮಲ್ಲಿ ಗ್ರಾಮದಾನ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಆದರೆ ಇಲ್ಲಿ ಒಣಗಿದ ಗಿಡದ ಬೀಜವೊಂದು ಸಮುದ್ರ ದಾಟಿ ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲೆಕಾಯಿ ಹೊಲದಲ್ಲಿ ಮೊಳೆಯಿತು. ಆ ಕಥೆ ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮತ ಹಾಕಿದ್ದಕ್ಕೆ ಮನೆ ಹೋಯಿತು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಮುಗಿಯುವ ಹೊತ್ತಿಗೆ, 1865ರ ಜನವರಿಯಲ್ಲಿ, ಸೇನಾಧಿಪತಿ ಶೆರ್ಮನ್ ಒಂದು ಆಜ್ಞೆ ಹೊರಡಿಸಿದ. ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿಯ ನೆಲವನ್ನು ಬಿಡುಗಡೆಗೊಂಡ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಹಂಚಬೇಕು ಎಂಬುದು ಅದರ ಸಾರ. ವರ್ಷ ಮುಗಿಯುವ ಮೊದಲೇ ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ರದ್ದುಮಾಡಿ ನೆಲವನ್ನು ಹಳೆಯ ಧಣಿಗಳಿಗೇ ಮರಳಿಸಿದ. ಕಾಲಿಗೆ ಸಂಕೋಲೆ ಇಲ್ಲದಿದ್ದರೂ ಕಪ್ಪು ಜನರು ಅದೇ ಧಣಿಯ ಹೊಲದಲ್ಲಿ, ಅದೇ ಧಣಿ ಕೊಟ್ಟ ಗುಡಿಸಲಲ್ಲಿ ಗೇಣಿಗೆ, ಪಾಲಿಗೆ ದುಡಿಯತೊಡಗಿದರು.

ಈ ಗುಡಿಸಲು ಎಂಬ ಮಾತನ್ನು ನಾವು ಗಮನಿಸಬೇಕು. ಮನೆ ದುಡಿಯುವವನದ್ದಲ್ಲ, ಅದು ಕೂಲಿಯ ಒಂದು ಭಾಗ. ಧಣಿ ಮುನಿದರೆ ಕೆಲಸದ ಜೊತೆ ಸೂರೂ ಹೋಗುತ್ತದೆ. 1960ರಲ್ಲಿ ಟೆನೆಸೀ ರಾಜ್ಯದ ಫಯೆಟ್ ಕೌಂಟಿಯಲ್ಲಿ ಕಪ್ಪು ರೈತರು ಮತದಾರರ ಪಟ್ಟಿಗೆ ಹೆಸರು ಸೇರಿಸಿದಾಗ ಇದೇ ನಡೆಯಿತು. ಜಮೀನುದಾರರು ಕುಟುಂಬ ಕುಟುಂಬಗಳನ್ನೇ ಹೊರಹಾಕಿದರು. ಆ ಚಳಿಗಾಲವನ್ನು ಅವರು ಬಯಲಿನಲ್ಲಿ ಹೂಡಿದ ಗುಡಾರಗಳಲ್ಲಿ ಕಳೆದರು. 1965ರ ಕೊನೆಯಲ್ಲಿ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿಯೂ ಗುಡಾರಗಳು ಎದ್ದವು. ಮತದ ಹಕ್ಕು ಕಾನೂನಿನಲ್ಲಿ ಬರೆದಿದ್ದರೆ ಸಾಕೇ? ಅದನ್ನು ಚಲಾಯಿಸಿ ಸಂಜೆ ಮರಳಲು ಒಂದು ಮನೆ ಬೇಡವೇ? ನಾಬೋತನ ದ್ರಾಕ್ಷಾತೋಟದ ಕಥೆಯನ್ನು ನಾವು ಪೂಜೆಯ ವಾಚನದಲ್ಲಿ ಕೇಳುತ್ತೇವೆ. ನಾಬೋತನಿಗಾದರೂ ಕಳೆದುಕೊಳ್ಳಲು ಪಿತ್ರಾರ್ಜಿತ ನೆಲವಿತ್ತು. ಇವರಿಗೆ ಅದೂ ಇರಲಿಲ್ಲ.

1961ರ ಶರತ್ಕಾಲದಲ್ಲಿ ಚಾರ್ಲ್ಸ್ ಶೆರಾಡ್ ಎಂಬ 24 ವರ್ಷದ ಯುವಕ ನೈಋತ್ಯ ಜಾರ್ಜಿಯಾದ ಆಲ್ಬನಿ ನಗರಕ್ಕೆ ಬಂದಿಳಿದರು. ವರ್ಜೀನಿಯಾದವರು, ದೇವಶಾಸ್ತ್ರ ಓದಿದ ಬ್ಯಾಪ್ಟಿಸ್ಟ್ ಬೋಧಕರು. ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಕಾರ್ಯಕರ್ತರಾಗಿ ಮತದಾರರ ಹೆಸರು ಬರೆಸುವುದು ಅವರ ಕೆಲಸ. ಆ ಡಿಸೆಂಬರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಆಲ್ಬನಿಯಲ್ಲಿ ಬಂಧಿತರಾದರು. (ಈ ಕಿಂಗ್ ಅವರು 1959ರಲ್ಲಿ ನಮ್ಮ ಬೆಂಗಳೂರಿಗೂ ಬಂದು, ಉತ್ತರಕ್ಕೆ ಹೋಗಿ, ರಾಜಸ್ಥಾನದಲ್ಲಿ ವಿನೋಬಾರನ್ನು ಕಂಡು ಮಾತನಾಡಿದ್ದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.) ಕಿಂಗ್ ಬಂದರು, ಹೋದರು, ಪತ್ರಿಕೆಯವರೂ ಬಂದರು, ಹೋದರು. ಶೆರಾಡ್ ಉಳಿದರು. 1962ರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಸಭೆ ಸೇರುತ್ತಿದ್ದ ಕಪ್ಪು ಜನರ ಚರ್ಚುಗಳಿಗೆ ಬೆಂಕಿ ಬಿತ್ತು. ಅದೇ ವರ್ಷ ಆಲ್ಬನಿಯ ಮುಂದಾಳು ಸ್ಲೇಟರ್ ಕಿಂಗ್ ಅವರ ಗರ್ಭಿಣಿ ಪತ್ನಿ ಮರಿಯನ್, ಸೆರೆಯಲ್ಲಿದ್ದವರಿಗೆ ಊಟ ಕೊಡಲು ಹೋದಾಗ ಪೊಲೀಸರ ಒದೆತ ತಿಂದರು, ಮಗು ಉಳಿಯಲಿಲ್ಲ. 1965ರಲ್ಲಿ ಪಕ್ಕದ ಬೇಕರ್ ಕೌಂಟಿಯಲ್ಲಿ ಹೋಸೀ ಮಿಲ್ಲರ್ ಎಂಬ ರೈತನನ್ನು ಬಿಳಿಯ ನೆರೆಯವನೊಬ್ಬ ಗುಂಡಿಟ್ಟು ಕೊಂದ. ಬಿಳಿಯರೇ ಇದ್ದ ನ್ಯಾಯಮಂಡಳಿ ಅವನ ಮೇಲೆ ಆರೋಪವನ್ನೂ ಹೊರಿಸಲಿಲ್ಲ. ಸತ್ತವನ ಹಿರಿಯ ಮಗಳು ಶರ್ಲಿ ಆಗ 17 ವರ್ಷದವಳು. ದಕ್ಷಿಣ ಬಿಟ್ಟು ಎಲ್ಲಿಗಾದರೂ ಹೋಗಬೇಕೆಂದಿದ್ದವಳು, ತಂದೆ ಸತ್ತ ರಾತ್ರಿ ಇಲ್ಲಿಯೇ ಉಳಿಯುವ ನಿರ್ಧಾರ ಮಾಡಿದಳು. ಮುಂದೆ ಚಾರ್ಲ್ಸ್ ಶೆರಾಡರನ್ನು ಮದುವೆಯಾದಳು.

ಎಂಟು ಜನರ ಪ್ರಯಾಣ

ಇತ್ತ ಉತ್ತರ ಅಮೆರಿಕದಲ್ಲಿ ರಾಬರ್ಟ್ ಸ್ವಾನ್ ಎಂಬವರಿದ್ದರು. ಎರಡನೇ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಸೆರೆಮನೆ ಸೇರಿದ್ದ ಶಾಂತಿವಾದಿ. ವೃತ್ತಿಯಲ್ಲಿ ಮನೆ ಕಟ್ಟುವವರು. ಅವರ ಗುರುಸ್ಥಾನದಲ್ಲಿದ್ದ ರಾಲ್ಫ್ ಬೊರ್ಸೋಡಿ ಭಾರತದಲ್ಲಿ ಕೆಲವು ಕಾಲ ಇದ್ದು ಗ್ರಾಮದಾನವನ್ನು ಕಣ್ಣಾರೆ ಕಂಡಿದ್ದರು. 1967ರಲ್ಲಿ ಇಬ್ಬರೂ ಸೇರಿ ಒಂದು ಸಂಸ್ಥೆ ಕಟ್ಟಿದರು. ಉದ್ದೇಶ, ಗ್ರಾಮದಾನದ ತತ್ತ್ವವನ್ನು ಅಮೆರಿಕದ ಕಾನೂನಿಗೆ ಒಗ್ಗಿಸುವುದು. ದಾನ ಕೊಡುವ ಧಣಿಗಳು ಅಲ್ಲಿ ಸಿಗುವುದಿಲ್ಲವಾದ್ದರಿಂದ ನೆಲವನ್ನು ಕೊಳ್ಳಲೇಬೇಕು. ಕೊಂಡ ಮೇಲೆ ಒಡೆತನವನ್ನು ಒಂದು ಟ್ರಸ್ಟ್ ಹಿಡಿಯಬೇಕು. ಅದೇ 1967ರಲ್ಲಿ ಜಗದ್ಗುರು ಆರನೇ ಪೌಲರು ಜನಾಂಗಗಳ ಪ್ರಗತಿಯ ಕುರಿತ ಪರಿಪತ್ರದಲ್ಲಿ, ಖಾಸಗಿ ಆಸ್ತಿ ಯಾರಿಗೂ ಷರತ್ತಿಲ್ಲದ ಹಕ್ಕಲ್ಲ ಎಂದು ಬರೆದರು. ಒಬ್ಬರಿಗೊಬ್ಬರು ಕೇಳಿ ಬರೆದದ್ದಲ್ಲ. ಆದರೂ ಕಾಲದ ಗಾಳಿ ಒಂದೇ ಇತ್ತು.

1968ರ ಜೂನ್ ತಿಂಗಳಲ್ಲಿ ಎಂಟು ಜನ ಇಸ್ರೇಲಿಗೆ ಹೊರಟರು. ಸ್ವಾನ್, ಶೆರಾಡ್, ಸ್ಲೇಟರ್ ಮತ್ತು ಮರಿಯನ್ ಕಿಂಗ್, ಗೇಣಿದಾರರ ನಿಧಿಯನ್ನು ನಡೆಸುತ್ತಿದ್ದ ಫೇ ಬೆನೆಟ್ ಮುಂತಾದವರು. ಲೂಯಿಸಿಯಾನದ ಬಡ ರೈತರ ನಡುವೆ ಸಹಕಾರ ಸಂಘಗಳನ್ನು ಕಟ್ಟಿದ ಕಪ್ಪು ಕಥೋಲಿಕ ಯಾಜಕ, ವಂದನೀಯ ಆಲ್ಬರ್ಟ್ ಮೆಕ್‌ನೈಟ್ ಅವರೂ ಆ ತಂಡದಲ್ಲಿದ್ದರು. ನಮ್ಮ ಯಾಜಕರೊಬ್ಬರು ಅಲ್ಲಿದ್ದರು ಎಂಬುದಕ್ಕೆ ನಮಗೆ ಸಂತೋಷ. ಅಲ್ಲಿ ಅವರು ನೋಡಿದ್ದು, ರಾಷ್ಟ್ರೀಯ ನಿಧಿಯೊಂದು ನೆಲವನ್ನು ಮಾರದೆ ದೀರ್ಘ ಗುತ್ತಿಗೆಗೆ ಕೊಟ್ಟು, ಅದರ ಮೇಲೆ ಹಳ್ಳಿಗಳು ಏಳುವ ಬಗೆ. ಆ ನೆಲದಲ್ಲಿ ಮೊದಲಿದ್ದ ಪಾಲೆಸ್ತೀನಿಯರ ಗತಿ ಏನಾಯಿತು ಎಂಬುದು ಬೇರೆಯೇ ದುಃಖದ ಕಥೆ. ಮಾದರಿಯನ್ನು ಹೊಗಳುವವರು ಅದನ್ನು ಮರೆಯಬಾರದು.

ಯಾಜಕಕಾಂಡದ 25ನೇ ಅಧ್ಯಾಯದ ಜ್ಯೂಬಿಲಿ ನಿಯಮವನ್ನು ನಾವು ಸೆಮಿನರಿಯಲ್ಲಿ ಓದುವಾಗ, ಇದು ಎಂದಾದರೂ ನಡೆದದ್ದುಂಟೇ ಎಂದು ಪ್ರಶ್ನೆ ಏಳುತ್ತದೆ. ನೆಲ ದೇವರದು, ನಾವು ಅದರಲ್ಲಿ ಒಕ್ಕಲು. ಆದ್ದರಿಂದ ಶಾಶ್ವತವಾಗಿ ಮಾರುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಿರುಳು. ಸ್ವಾನ್ ಮತ್ತು ಶೆರಾಡ್ ಆ ಪ್ರಶ್ನೆಗೆ ವಕೀಲರ ಮೂಲಕ ಉತ್ತರ ಬರೆಸಲು ಹೊರಟರು ಎನ್ನಬಹುದು.

1969ರಲ್ಲಿ 'ನ್ಯೂ ಕಮ್ಯೂನಿಟೀಸ್' ಎಂಬ ಸಂಸ್ಥೆ ನೋಂದಣಿಯಾಯಿತು. ಅದೇ ಮಾರ್ಚಿನಲ್ಲಿ ಸ್ಲೇಟರ್ ಕಿಂಗ್ ಕಾರು ಅಪಘಾತದಲ್ಲಿ ತೀರಿಕೊಂಡರು. ನೆಲದ ವ್ಯವಹಾರ ಬಲ್ಲವರು ಅವರೊಬ್ಬರೇ. ಆದರೂ ಉಳಿದವರು ಕೈಬಿಡಲಿಲ್ಲ. 1970ರ ಆರಂಭದಲ್ಲಿ ಲೀ ಕೌಂಟಿಯಲ್ಲಿ ಸುಮಾರು 5,700 ಎಕರೆ ಕೊಂಡರು. ಬೆಲೆ ಹತ್ತು ಲಕ್ಷ ಡಾಲರಿಗೂ ಮೇಲೆ, ಅದರಲ್ಲಿ ಬಹುಪಾಲು ಸಾಲ. ಆ ಕಾಲಕ್ಕೆ ಅಮೆರಿಕದಲ್ಲಿ ಕಪ್ಪು ಜನರ ಒಡೆತನದಲ್ಲಿದ್ದ ಅತಿ ದೊಡ್ಡ ಒಂದೇ ತುಂಡು ನೆಲ ಅದು.

ಕಾಗದದ ಮೇಲಿನ ಹಳ್ಳಿ

ಯೋಜನೆ ಹೀಗಿತ್ತು. ನೆಲ ಸಂಸ್ಥೆಯದು. ಅದರಲ್ಲಿ ಕೆಲವು ಹಳ್ಳಿಗಳು, ನೂರಾರು ಮನೆಗಳು, ಶಾಲೆ, ಆಸ್ಪತ್ರೆ. ಮನೆ ಕಟ್ಟಿಕೊಂಡವನಿಗೆ ಮನೆ ಸ್ವಂತ, ಅಡಿಯ ನೆಲ ದೀರ್ಘ ಗುತ್ತಿಗೆ. ಸುತ್ತಲಿನ ಹೊಲದಲ್ಲಿ ಒಟ್ಟಾಗಿ ಬೇಸಾಯ. ಮತ ಹಾಕಿದ್ದಕ್ಕೆ ಹೊರಹಾಕುವ ಧಣಿ ಅಲ್ಲಿ ಇರುವುದಿಲ್ಲ. ಕೇಂದ್ರ ಸರ್ಕಾರದ ಬಡತನ ನಿವಾರಣಾ ಕಚೇರಿ ಯೋಜನೆ ತಯಾರಿಸಲು ಹಣ ಕೊಟ್ಟಿತು. ಕುಟುಂಬಗಳು ಕೂತು ನಕ್ಷೆಗಳನ್ನು ಬಿಡಿಸಿದವು. ಕಟ್ಟುವ ಹಣಕ್ಕೆ ರಾಜ್ಯಪಾಲರ ಒಪ್ಪಿಗೆ ಬೇಕಿತ್ತು. ಜಾರ್ಜಿಯಾದ ಅಂದಿನ ರಾಜ್ಯಪಾಲ ಲೆಸ್ಟರ್ ಮ್ಯಾಡಾಕ್ಸ್, ತನ್ನ ಹೋಟೆಲಿಗೆ ಕಪ್ಪು ಗಿರಾಕಿಗಳು ಬಂದಾಗ ಓಡಿಸಿ ಹೆಸರು ಮಾಡಿದ್ದವರು. ಹಣ ಬರಲಿಲ್ಲ.

ಹೀಗಾಗಿ ಹಳ್ಳಿಗಳು ಏಳಲೇ ಇಲ್ಲ. ಜಮೀನಿನಲ್ಲಿ ಮೊದಲೇ ಇದ್ದ ಹಳೆಯ ಮನೆಗಳಲ್ಲಿ ಕೆಲವು ಕುಟುಂಬಗಳು ಬಾಳಿದವು. ಜೋಳ, ಕಡಲೆಕಾಯಿ, ಸೋಯಾ, ಕಲ್ಲಂಗಡಿ ಬೆಳೆದರು, ದ್ರಾಕ್ಷಿ ಹಬ್ಬಿಸಿದರು, ಹೆದ್ದಾರಿಯ ಬದಿಯಲ್ಲಿ ಅಂಗಡಿ ಇಟ್ಟರು. ರಾತ್ರಿ ಕಟ್ಟಡಗಳಿಗೆ ಗುಂಡು ಬೀಳುತ್ತಿತ್ತು. ಸಾಲ ತೀರಿಸಲು ನೆಲದ ಒಂದಷ್ಟು ಭಾಗವನ್ನೇ ಮಾರಬೇಕಾಯಿತು. ಇದು ನಮಗೆ ಬಹಳ ಮುಖ್ಯವಾದ ವಿವರ. ಮಾರಬಾರದೆಂದು ಕೊಂಡ ನೆಲವನ್ನು ಸಾಲದವನು ಮಾರಿಸಿಯೇ ಬಿಡುತ್ತಾನೆ. ತತ್ತ್ವ ಎಷ್ಟು ಪವಿತ್ರವಾಗಿದ್ದರೂ ಕಂತು ಕಟ್ಟುವ ದಿನ ಅದು ಸಹಾಯಕ್ಕೆ ಬರುವುದಿಲ್ಲ.

ನಂತರ ಬರಗಾಲ ಬಂತು. 1980ರ ಸುಮಾರಿನಲ್ಲಿ ಮಳೆ ಕೈಕೊಟ್ಟಾಗ ಬಿಳಿಯ ರೈತರಿಗೆ ಕೃಷಿ ಇಲಾಖೆಯ ತುರ್ತು ಸಾಲ ಸಿಕ್ಕಿತು. ಶೆರಾಡ್ ಹೋದಾಗ ಸ್ಥಳೀಯ ಅಧಿಕಾರಿ, ತಾನು ಬದುಕಿರುವಷ್ಟು ದಿನ ಅದು ಆಗದು ಎಂಬರ್ಥದ ಮಾತಾಡಿದನೆಂದು ಮುಂದೆ ತೀರ್ಪಿನಲ್ಲಿ ದಾಖಲಾಯಿತು. ಅರ್ಜಿ ಮೂರು ವರ್ಷ ಅಲೆಯಿತು. ಸಾಲ ಕೊನೆಗೆ ಬಂತು. ಬಂದಾಗ ತಡವಾಗಿತ್ತು, ಷರತ್ತುಗಳೂ ಕಠಿಣವಾಗಿದ್ದವು. 1985ರಲ್ಲಿ ಅಷ್ಟೂ ನೆಲ ಹರಾಜಿಗೆ ಹೋಯಿತು.

ಅರುವತ್ತು ಕಿಲೋಮೀಟರ್ ದೂರದಲ್ಲಿ

ಆಲ್ಬನಿಯಿಂದ ಸುಮಾರು 60 ಕಿ.ಮೀ. ದೂರ, ಅಮೆರಿಕಸ್ ಎಂಬ ಊರಿನ ಹತ್ತಿರ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಗ್ರೀಕ್ ಪಂಡಿತ, ಬೋಧಕ, ಬರ್ಮಾದಲ್ಲಿ ಸೇವೆ ಸಲ್ಲಿಸಿ ಬಂದ ಮಿಷನರಿ ದಂಪತಿಯೊಡನೆ 440 ಎಕರೆ ಕೊಂಡು 'ಕೊಯ್ನೊನಿಯಾ' ಎಂಬ ಸಮುದಾಯ ಕಟ್ಟಿದರು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಆದಿ ಕ್ರೈಸ್ತರ ಅನ್ಯೋನ್ಯತೆಗೆ ಇರುವ ಗ್ರೀಕ್ ಪದವೇ ಅದು. ಕಪ್ಪು ಬಿಳಿ ಎಂದೆಣಿಸದೆ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. 1956ರಿಂದ ಊರಿನವರು ಬಹಿಷ್ಕಾರ ಹಾಕಿದರು. ಗೊಬ್ಬರ, ವಿಮೆ, ಬ್ಯಾಂಕು ಎಲ್ಲ ಬಂದ್. ರಸ್ತೆಬದಿಯ ಅಂಗಡಿಗೆ ಬಾಂಬ್ ಬಿತ್ತು. 1957ರ ವಸಂತದಲ್ಲಿ ಕಥೋಲಿಕ ಕಾರ್ಮಿಕ ಚಳವಳಿಯ ದೇವಸೇವಕಿ ಡೊರೋತಿ ಡೇ ಅವರು ಬಂದು ರಾತ್ರಿ ಕಾವಲಿಗೆ ಕೂತಿದ್ದಾಗ, ಅವರು ಕೂತಿದ್ದ ಕಾರಿಗೇ ಗುಂಡು ಹೊಡೆದರು. ಅದೃಷ್ಟವಶಾತ್ ಯಾರಿಗೂ ತಾಗಲಿಲ್ಲ. ಊರಿನಲ್ಲಿ ಮಾರಲಾಗದ ಪೆಕಾನ್ ಬೀಜಗಳನ್ನು ಅಂಚೆಯಲ್ಲಿ ದೇಶಕ್ಕೆಲ್ಲ ಮಾರಿ ಅವರು ಬದುಕಿದರು.

1968ರಲ್ಲಿ ಜೋರ್ಡನ್ ಮತ್ತು ಮಿಲರ್ಡ್ ಫುಲ್ಲರ್ ಎಂಬ ಶ್ರೀಮಂತಿಕೆ ತೊರೆದ ವಕೀಲ ಸೇರಿ, ಜಮೀನಿನ ಒಂದು ಬದಿಯನ್ನು ಅರ್ಧ ಅರ್ಧ ಎಕರೆಯ ನಿವೇಶನಗಳಾಗಿ ಮಾಡಿದರು. ಗುಡಿಸಲಿನಲ್ಲಿದ್ದ ಕುಟುಂಬಗಳಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಟ್ಟರು. ಕಟ್ಟಿದ ಕಂತು ಮುಂದಿನವನ ಮನೆಗೆ. ಮೊದಲ ಮನೆ ಮುಗಿಯುವ ಹೊತ್ತಿಗೆ, 1969ರ ಅಕ್ಟೋಬರಿನಲ್ಲಿ, ಜೋರ್ಡನ್ ತೀರಿಕೊಂಡರು. ಈ ಬೇರಿನಿಂದ 1976ರಲ್ಲಿ ಚಿಗುರಿದ್ದೇ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ'. ನಮ್ಮ ದೇಶದಲ್ಲಿಯೂ 1983ರಿಂದ ಅದು ಕೆಲಸ ಮಾಡುತ್ತಿದೆ.

ಎರಡರಲ್ಲಿ ಯಾವುದು ಸರಿ? ಕೊಯ್ನೊನಿಯಾ ನಿವೇಶನವನ್ನೂ ಕುಟುಂಬಕ್ಕೆ ಕೊಟ್ಟಿತು. ಕುಟುಂಬಕ್ಕೆ ಪೂರ್ಣ ಸ್ವಾತಂತ್ರ್ಯ, ಆದರೆ ಒಮ್ಮೆ ಮಾರಿದರೆ ಆ ಮನೆ ಬಡವರ ಕೈ ತಪ್ಪಿತು. ನ್ಯೂ ಕಮ್ಯೂನಿಟೀಸ್ ನೆಲವನ್ನು ತಾನೇ ಹಿಡಿದುಕೊಂಡಿತು. ಕುಟುಂಬದ ಕೈ ಸ್ವಲ್ಪ ಕಟ್ಟಿದಂತೆ, ಆದರೆ ಮುಂದಿನ ಬಡವನಿಗೂ ಅದೇ ಬೆಲೆಗೆ ಮನೆ. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಬಡವರಿಗೆ ಮನೆ ಕಟ್ಟಿಸುವಾಗ ಈ ಪ್ರಶ್ನೆ ಎದುರಾಗಿದೆ. ಸಿಮೆಂಟು, ಹೆಂಚು, ಕೂಲಿ ಇವಕ್ಕೆ ಹೇಗೋ ದಾನಿಗಳು ಸಿಗುತ್ತಾರೆ, ನಿವೇಶನ ಸಿಗುವುದಿಲ್ಲ. ಸಿಕ್ಕಿ ಮನೆ ಎದ್ದ ಮೇಲೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅದು ಮಾರಾಟವಾಗಿ, ಅದೇ ಕುಟುಂಬ ಮತ್ತೆ ಬಾಡಿಗೆ ಕೋಣೆಗೆ ಬರುತ್ತದೆ. ಹಾಗೆ ಮಾರಿದವರನ್ನು ಬೈಯುವುದು ಸುಲಭ. ಆದರೆ ಮಗು ಆಸ್ಪತ್ರೆಯಲ್ಲಿದ್ದಾಗ ಮಾರಲು ಮನೆಯಾದರೂ ಇತ್ತಲ್ಲ ಎಂದು ತಾಯಿ ಹೇಳಿದರೆ, ಟ್ರಸ್ಟಿನ ನಿಯಮ ಓದುವವರ ಬಾಯಿ ಕಟ್ಟುತ್ತದೆ. ನಮ್ಮ ಒಲವು ನೆಲವನ್ನು ಸಮುದಾಯವೇ ಹಿಡಿದಿಟ್ಟುಕೊಳ್ಳುವ ಕಡೆಗೆ. ಆದರೆ ಅದರ ಜೊತೆ ಅಂಥ ಆಪತ್ತಿಗೆಂದು ಒಂದು ನಿಧಿಯೂ ಇರಲೇಬೇಕು. 1974ರ ನಮ್ಮ ಭೂಸುಧಾರಣೆ ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಅದು ಸಣ್ಣ ಮಾತಲ್ಲ. ಗೇಣಿ ಚೀಟಿಯೂ ಇಲ್ಲದ ಕೂಲಿಯವನಿಗೆ ಅದರಿಂದ ಹೊಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಸೋತ ಮೇಲೆ

ನೆಲ ಹೋಯಿತು, ಆದರೆ ಬರೆದಿಟ್ಟ ನಿಯಮ ಉಳಿಯಿತು. ಸ್ವಾನ್ ಮತ್ತು ಗೆಳೆಯರು 1972ರಲ್ಲಿಯೇ ಇದರ ಬಗ್ಗೆ ಒಂದು ಕೈಪಿಡಿ ತಂದಿದ್ದರು. ಮೈನ್ ರಾಜ್ಯದ ಆರ್ಲಂಡ್ ಎಂಬ ಹಳ್ಳಿಗಾಡಿನಲ್ಲಿ ಧರ್ಮಭಗಿನಿ ಲೂಸಿ ಪೂಲಿನ್, ಮನೆಯಲ್ಲೇ ಹೊಲಿಗೆ ನೇಯ್ಗೆ ಮಾಡುವ ಬಡ ಹೆಂಗಸರ ಸಹಕಾರ ಸಂಘವನ್ನು 1970ರಲ್ಲಿ ಆರಂಭಿಸಿದ್ದರು. ಹೊಲಿದ ಬಟ್ಟೆ ಮಾರಿದರೂ ಚಳಿ ತಡೆಯುವ ಮನೆ ಇಲ್ಲವೆಂದು ಕಂಡು, 1978ರಲ್ಲಿ ಅವರ ಸಂಸ್ಥೆಯೂ ಭೂ ಟ್ರಸ್ಟ್ ಮಾಡಿ ಕಾಡಂಚಿನಲ್ಲಿ ಮನೆ ಕಟ್ಟಿಸಿತು. ಈಗ ಅಮೆರಿಕದಲ್ಲಿ ಇಂಥ ಟ್ರಸ್ಟುಗಳು ಇನ್ನೂರಕ್ಕೂ ಹೆಚ್ಚು. ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ, ಮಕ್ಕಳಿಗೆ ದಾಟಿಸುವ ಹಕ್ಕು, ಮಾರುವಾಗ ಮೊದಲೇ ಗೊತ್ತುಮಾಡಿದ ಮಿತಿಯ ಬೆಲೆ. ಆಡಳಿತ ಮಂಡಳಿಯಲ್ಲಿ ಮೂರನೇ ಒಂದು ಪಾಲು ಅಲ್ಲಿ ವಾಸಿಸುವವರು, ಒಂದು ಪಾಲು ಸುತ್ತಲಿನವರು, ಇನ್ನೊಂದು ಪಾಲು ತಿಳಿದವರು. ಈ ಮೂರು ಪಾಲಿನ ಲೆಕ್ಕ ನಮಗೆ ಬಹಳ ಹಿಡಿಸಿತು. ದಾನಿಗಳೇ ಕೂತು ಬಡವರ ಮನೆಯ ಬಣ್ಣ ನಿರ್ಧರಿಸುವ ಸಮಿತಿಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಜಾರ್ಜಿಯಾದ ಕಥೆಯೂ 1985ಕ್ಕೆ ಮುಗಿಯಲಿಲ್ಲ. ಕೃಷಿ ಇಲಾಖೆಯ ತಾರತಮ್ಯದ ವಿರುದ್ಧ ಕಪ್ಪು ರೈತರು 1997ರಲ್ಲಿ ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ಒಪ್ಪಂದಕ್ಕೆ ಬಂತು. ಅದರಡಿ ನ್ಯೂ ಕಮ್ಯೂನಿಟೀಸ್ ಸಲ್ಲಿಸಿದ ಅರ್ಜಿ ಮೊದಲು ತಿರಸ್ಕೃತವಾಯಿತು. ಮೇಲ್ಮನವಿಯಲ್ಲಿ, 2009ರಲ್ಲಿ, ಸುಮಾರು 1 ಕೋಟಿ 20 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಅದೇ ವರ್ಷ ಶರ್ಲಿ ಶೆರಾಡ್ ಅದೇ ಇಲಾಖೆಯಲ್ಲಿ ಜಾರ್ಜಿಯಾದ ಗ್ರಾಮೀಣ ಅಭಿವೃದ್ಧಿಯ ನಿರ್ದೇಶಕಿಯಾದರು. ಹಳ್ಳಿಗಳಲ್ಲಿ ಮನೆ ಸಾಲ ಕೊಡುವ ವಿಭಾಗವೇ ಅದು! 2010ರಲ್ಲಿ ಅವರ ಭಾಷಣವೊಂದನ್ನು ಕತ್ತರಿಸಿ ತಿರುಚಿದ ದೃಶ್ಯ ಹರಡಿ, ಬಿಳಿಯರ ದ್ವೇಷಿ ಎಂಬ ಆರೋಪ ಬಂದು, ರಾಜೀನಾಮೆ ಕೊಡಿಸಿದರು. ಪೂರ್ತಿ ಭಾಷಣ ಹೊರಬಂದಾಗ ಅದರಲ್ಲಿದ್ದದ್ದು, ಜಮೀನು ಕಳೆದುಕೊಳ್ಳಲಿದ್ದ ಬಿಳಿಯ ರೈತನೊಬ್ಬನನ್ನು ಆಕೆ ಉಳಿಸಿದ ಕಥೆ. ಮಂತ್ರಿ ಕ್ಷಮೆ ಕೇಳಿದರು, ಬೇರೆ ಹುದ್ದೆಯನ್ನೂ ಮುಂದಿಟ್ಟರು; ಆಕೆ ಒಪ್ಪಲಿಲ್ಲ.

2011ರಲ್ಲಿ ಪರಿಹಾರದ ಹಣದಿಂದ ಅವರು ಆಲ್ಬನಿಯ ಹತ್ತಿರ 1,638 ಎಕರೆ ಕೊಂಡರು. ಪೆಕಾನ್ ಮರಗಳ ತೋಪು, ಕೆರೆ, 1850ರ ದಶಕದ ದೊಡ್ಡ ಬಂಗಲೆ. ಆ ಬಂಗಲೆಯನ್ನು ಕಟ್ಟಿಸಿದವನು ಜಾರ್ಜಿಯಾದಲ್ಲಿ ಅತಿ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದವರಲ್ಲಿ ಒಬ್ಬ. ಈಗ ಅದರ ಹಕ್ಕುಪತ್ರ ನ್ಯೂ ಕಮ್ಯೂನಿಟೀಸ್ ಹೆಸರಿನಲ್ಲಿದೆ. ಚಾರ್ಲ್ಸ್ ಶೆರಾಡ್ 2022ರ ಅಕ್ಟೋಬರ್ ತಿಂಗಳಲ್ಲಿ, 85ನೇ ವಯಸ್ಸಿನಲ್ಲಿ, ಆಲ್ಬನಿಯಲ್ಲಿಯೇ ನಿಧನರಾದರು. ಅವರು ಆ ಊರಿಗೆ ಮೊದಲು ಬಂದಿಳಿದು ಆಗ 61 ವರ್ಷವಾಗಿತ್ತು.